ಹೂದಾನಿಯ ಹೂವು ಎರಡೇ ದಿನಕ್ಕೆ ಬಾಡದಿರಲು

ಕೆ.ಆರ್. ಮಾರ್ಕೆಟ್‌ನಿಂದ ತಂದ ಗುಲಾಬಿ ಕಟ್ಟು ಮೊದಲ ದಿನ ಠೀವಿಯಿಂದ ನಿಂತಿರುತ್ತದೆ. ಮರುದಿನ ಸಂಜೆಗೆ ಕತ್ತು ಬಗ್ಗಿಸುತ್ತದೆ. ‘ಹಳೇ ಹೂವು ಕೊಟ್ಟುಬಿಟ್ಟ’ ಎಂದು ವ್ಯಾಪಾರಿಯನ್ನು ಬೈಯುತ್ತೇವೆ. ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಬಹಳಷ್ಟು ಸಲ ಹೂವು ಬಾಡುವುದು ಬಾಯಾರಿಕೆಯಿಂದ. ಹೂದಾನಿ ತುಂಬಾ ನೀರಿದ್ದರೂ ಅದಕ್ಕೆ ಕುಡಿಯಲು ಆಗುತ್ತಿರುವುದಿಲ್ಲ.

ದಂಟಿನೊಳಗೆ ಕೂದಲಿಗಿಂತ ಸಣ್ಣ ನಳಿಕೆಗಳಿವೆ. ನೀರು ಮೇಲೇರುವುದು ಅವುಗಳಲ್ಲೇ. ದಂಟು ಕತ್ತರಿಸಿದ ಕೂಡಲೇ ಅವುಗಳೊಳಗೆ ಗಾಳಿ ನುಗ್ಗಿ ದಾರಿ ಕಟ್ಟುತ್ತದೆ. ಆಮೇಲೆ ಹೂದಾನಿಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅದರ ಲೋಳೆ ಉಳಿದ ದಾರಿಯನ್ನೂ ಮುಚ್ಚುತ್ತದೆ. ಇವೆರಡನ್ನು ತಡೆದರೆ ಮುಕ್ಕಾಲು ಕೆಲಸ ಆದಂತೆಯೇ.

ಕೊಳ್ಳುವಾಗ ಇಷ್ಟು ನೋಡಿ

ಗುಲಾಬಿಯ ಬುಡವನ್ನು, ಅಂದರೆ ತೊಟ್ಟಿಗೆ ತಾಗಿದ ಭಾಗವನ್ನು, ಎರಡು ಬೆರಳಲ್ಲಿ ಮೆತ್ತಗೆ ಒತ್ತಿ. ಗಟ್ಟಿಯಿದ್ದರೆ ತಾಜಾ, ಮೆತ್ತಗಿದ್ದರೆ ಹಳೆಯದು. ತೀರಾ ಬಿಗಿಯಾದ ಮೊಗ್ಗು ಜಾಸ್ತಿ ದಿನ ಬರುತ್ತದೆ ಎಂದುಕೊಳ್ಳಬೇಡಿ. ಬೇಗ ಕೊಯ್ದ ಮೊಗ್ಗು ಅರಳದೆಯೇ ಕತ್ತು ಬಗ್ಗಿಸುವುದುಂಟು. ಗ್ಲಾಡಿಯೋಲಸ್‌ನಲ್ಲಿ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದ್ದರೆ ಸಾಕು, ಉಳಿದವು ಮನೆಯಲ್ಲಿ ಒಂದೊಂದಾಗಿ ಅರಳುತ್ತವೆ. ಜರ್ಬೆರಾ ಹಾಗಲ್ಲ. ಅದು ಪೂರ್ತಿ ಅರಳಿದ್ದನ್ನೇ ತರಬೇಕು. ಕಟ್ಟಿನ ಕೆಳಭಾಗವನ್ನೂ ಒಮ್ಮೆ ನೋಡಿ. ದಂಟಿನ ತುದಿ ಕಂದಾಗಿ ಲೋಳೆಯಾಗಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಮನೆಗೆ ಬಂದ ಕೂಡಲೇ

ಮೊದಲು ಹೂದಾನಿಯನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ. ಅದರಲ್ಲೇ ತಿನ್ನಬಹುದು ಅನ್ನುವಷ್ಟು ಶುಚಿಯಾಗಿರಬೇಕು. ಬಾಯಿ ಕಿರಿದಾಗಿದ್ದು ಕೈ ಹೋಗದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ.

ನಂತರ, ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ. ಅವು ಕೊಳೆತರೆ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಮೇಲಿನ ಎಲೆಗಳು ಇರಲಿ. ಗುಲಾಬಿ ಮುಳ್ಳನ್ನು ಚಾಕುವಿನಿಂದ ಹೆರೆದು ಸಿಪ್ಪೆಯನ್ನೇ ಕೀಳುವ ಅಭ್ಯಾಸ ಬೇಡ, ಗಾಯವಾದ ಕಡೆಯೆಲ್ಲ ಕೊಳೆ ಶುರುವಾಗುತ್ತದೆ.

ಈಗ ಮುಖ್ಯವಾದ ಕೆಲಸ. ಅಗಲ ಪಾತ್ರೆಯಲ್ಲಿ ನೀರು ತುಂಬಿ, ದಂಟಿನ ತುದಿಯನ್ನು ಅದರೊಳಗೆ ಮುಳುಗಿಸಿ, ನೀರಿನಡಿಯಲ್ಲೇ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ. ಹೀಗೆ ಮಾಡಿದರೆ ನಳಿಕೆಗೆ ಗಾಳಿಯ ಬದಲು ನೀರು ಹೋಗುತ್ತದೆ. ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ದಂಟನ್ನು ಜಜ್ಜಿ ನಳಿಕೆಗಳನ್ನೇ ಮುಚ್ಚುತ್ತದೆ. ಕೆಲವರು ಬೇಕೆಂದೇ ಸುತ್ತಿಗೆಯಿಂದ ಜಜ್ಜುತ್ತಾರೆ, ಅದೂ ತಪ್ಪು. ಓರೆಯಾಗಿ ಕತ್ತರಿಸಿದರೆ ಹೂವು ಜಾಸ್ತಿ ನೀರು ಕುಡಿಯುತ್ತದೆ ಎನ್ನುವುದು ಅಷ್ಟೇನೂ ನಿಜವಲ್ಲ. ಆದರೂ ಓರೆಯಾಗಿಯೇ ಕತ್ತರಿಸಿ, ಯಾಕೆಂದರೆ ಚಪ್ಪಟೆ ತುದಿ ಹೂದಾನಿಯ ತಳಕ್ಕೆ ಅಂಟಿ ಕೂರಬಹುದು.

ಗುಲಾಬಿಗೆ ಆಳದ ನೀರು ಬೇಕು. ಜರ್ಬೆರಾಗೆ ನಾಲ್ಕು ಬೆರಳಷ್ಟು ಸಾಕು. ಅದರ ದಂಟು ಮೃದು, ಮೇಲೆ ಸಣ್ಣ ರೋಮ. ಜಾಸ್ತಿ ನೀರಲ್ಲಿ ನಿಂತರೆ ಕೊಳೆಯುತ್ತದೆ.

ನೀರಿಗೆ ಏನು ಹಾಕಬೇಕು?

ತಾಮ್ರದ ನಾಣ್ಯ, ತಲೆನೋವಿನ ಮಾತ್ರೆ, ಉಪ್ಪು ಎಂದು ಮನೆಮನೆಗೊಂದು ಸಲಹೆ ಇದೆ. ಮಾತ್ರೆಯಿಂದ ಹೇಳಿಕೊಳ್ಳುವ ಲಾಭವಿಲ್ಲ. ನಾಣ್ಯದ ಕಥೆ ಇನ್ನೂ ತಮಾಷೆ. ನಮ್ಮ ಜೇಬಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ತಾಮ್ರ ಎಲ್ಲಿಂದ ಬರಬೇಕು?

ಕೆಲಸ ಮಾಡುವುದು ಇದು: ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆ ರಸ, ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ದ್ರವ ಕಾಲು ಟೀ ಚಮಚ. ಗಿಡದಿಂದ ಬೇರೆಯಾದ ಹೂವಿಗೆ ಸಕ್ಕರೆಯೇ ಊಟ. ನಿಂಬೆಯ ಹುಳಿ ನೀರು ಸಲೀಸಾಗಿ ಮೇಲೇರಲು ನೆರವಾಗುತ್ತದೆ. ಬ್ಲೀಚ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಬ್ಲೀಚ್ ಇಲ್ಲದಿದ್ದರೆ ಸಕ್ಕರೆಯನ್ನೂ ಹಾಕಬೇಡಿ. ಬರೀ ಸಕ್ಕರೆ ನೀರು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾದ ಹೊಟ್ಟೆ ತುಂಬಿಸುತ್ತದೆ, ಅದಕ್ಕಿಂತ ಸುಮ್ನೆ ಶುದ್ಧ ನೀರೇ ವಾಸಿ. ಒಂದು ಎಚ್ಚರಿಕೆ: ಬ್ಲೀಚನ್ನೂ ನಿಂಬೆ ರಸವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ವಿಷಾನಿಲ ಬರುತ್ತದೆ. ನಿಂಬೆ ರಸವನ್ನು ಪೂರ್ತಿ ಲೀಟರ್ ನೀರಿಗೆ ಕಲಸಿ, ಬ್ಲೀಚನ್ನು ಕೊನೆಯಲ್ಲಿ ಹಾಕಿ. ಟಾಯ್ಲೆಟ್ ತೊಳೆಯುವ ದ್ರವ ಖಂಡಿತ ಬೇಡ.

ನೀರು ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ ನೀರನ್ನು ಉಪ್ಪು ಹಾಕುವ ಸಾಫ್ಟ್‌ನರ್ ಮೂಲಕ ಹಾಯಿಸುತ್ತಾರೆ. ಅದರಲ್ಲಿ ಸೋಡಿಯಂ ಜಾಸ್ತಿ, ಗುಲಾಬಿಗೂ ಕಾರ್ನೇಷನ್‌ಗೂ ಅದು ಆಗಿಬರುವುದಿಲ್ಲ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಗ್ಲಾಡಿಯೋಲಸ್‌ನ ಎಸಳಿನ ಅಂಚು ಸುಟ್ಟಂತಾಗಲು ಫ್ಲೋರೈಡೂ ಒಂದು ಕಾರಣ. ಇಂಥ ಕಡೆ ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.

ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ. ಸುಗಂಧರಾಜ, ಗ್ಲಾಡಿಯೋಲಸ್‌ಗಳಲ್ಲಿ ಬಾಡಿದ ಕೆಳಗಿನ ಹೂಗಳನ್ನು ಕಿತ್ತುಬಿಡಿ.

ಎಲ್ಲಿ ಇಡಬೇಕು?

ಬಿಸಿಲು ಬೀಳುವ ಕಿಟಕಿ, ಫ್ಯಾನಿನ ಕೆಳಗೆ, ಫ್ರಿಜ್ ಮೇಲೆ ಬೇಡ. ಊಟದ ಮೇಜಿನ ಮೇಲೆ ಬಾಳೆಹಣ್ಣಿನ ಚಿಪ್ಪಿನ ಪಕ್ಕವಂತೂ ಬೇಡವೇ ಬೇಡ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಹೂವನ್ನೂ ಬೇಗ ಮುದಿಯಾಗಿಸುತ್ತದೆ. ಕಾರ್ನೇಷನ್‌ನ ಎಸಳುಗಳು ಇದರಿಂದಲೇ ಒಳಕ್ಕೆ ಮುದುಡುತ್ತವೆ. ಮಾವಿನ ಕಾಲದಲ್ಲಿ ಇನ್ನೂ ಹುಷಾರಾಗಿರಿ.

ರಾತ್ರಿ ಮನೆಯ ತಂಪಾದ ಮೂಲೆಯಲ್ಲಿಟ್ಟರೆ ಆಯುಷ್ಯ ಹೆಚ್ಚುತ್ತದೆ. ಗುಲಾಬಿಯನ್ನು ಫ್ರಿಜ್‌ನಲ್ಲೂ ಇಡಬಹುದು, ಒಳಗೆ ಹಣ್ಣಿರಬಾರದು ಅಷ್ಟೇ. ಆಂಥೂರಿಯಂ ಬಿಸಿ ನಾಡಿನ ಗಿಡ, ಫ್ರಿಜ್‌ನಲ್ಲಿಟ್ಟರೆ ಕಪ್ಪಾಗುತ್ತದೆ.

ಕಟ್ಟಿದ ಮಲ್ಲಿಗೆಯ ಲೆಕ್ಕ ಬೇರೆ. ಅದಕ್ಕೆ ಕುಡಿಯಲು ದಂಟಿಲ್ಲ. ಒದ್ದೆ ಹತ್ತಿ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಸುತ್ತಿ, ಮೇಲೆ ಬಾಳೆ ಎಲೆ ಸುತ್ತಿ, ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ನೀರು ತೊಟ್ಟಿಕ್ಕುವ ಬಟ್ಟೆಯಾದರೆ ಮೊಗ್ಗು ಕಂದುತ್ತದೆ.

ಕತ್ತು ಬಗ್ಗಿಯೇಬಿಟ್ಟರೆ?

ಎಸೆಯಬೇಡಿ. ಗುಲಾಬಿಯನ್ನು ಪೇಪರ್‌ನಲ್ಲಿ ನೇರವಾಗಿ, ಬಿಗಿಯಾಗಿ ಸುತ್ತಿ. ನೀರಿನಡಿಯಲ್ಲಿ ದಂಟನ್ನು ಮತ್ತೆ ಕತ್ತರಿಸಿ, ಉಗುರುಬೆಚ್ಚಗಿನ ನೀರು ತುಂಬಿದ ಬಕೆಟ್‌ನಲ್ಲಿ ಹೂವಿನ ಕೆಳಗಿನವರೆಗೆ ಮುಳುಗಿಸಿ ಎರಡು ಗಂಟೆ ನಿಲ್ಲಿಸಿ. ಬಾಡಿ ಜಾಸ್ತಿ ಹೊತ್ತಾಗಿಲ್ಲದಿದ್ದರೆ ಸಾಮಾನ್ಯವಾಗಿ ತಲೆ ಎತ್ತುತ್ತದೆ. ಏಳದಿದ್ದರೆ ತೊಟ್ಟನ್ನು ಗಿಡ್ಡ ಕತ್ತರಿಸಿ, ಹೂವನ್ನು ಉರುಳಿಯ ನೀರಿನಲ್ಲಿ ತೇಲಿಬಿಡಿ. ಇನ್ನೂ ಒಂದು ದಿನ ನಡೆಯುತ್ತದೆ.