ಸೈಟ್‌ಗೆ ಮ್ಯೂಸಿಕ್ ಹಾಕಕ್ಕೆ ಹೋಗಿ ಬೈಸ್ಕೊಂಡ ನನ್ನ ಅನುಭವ

ನನ್ನ ಫೋಟೋ ಸೈಟ್ ತೆಗೆದ್ರೆ ಹಿಂದೆ ಸಣ್ಣಗೆ ಗಿಟಾರ್ ಕೇಳ್ತಿರ್ಬೇಕು ಅನ್ನೋದು ನನಗಿದ್ದ ಒಂದು ಹುಚ್ಚು. ಟ್ಯೂನ್ ನಾನೇ ನುಡಿಸಿದ್ದು, ಕಾಪಿರೈಟ್ ತಲೆನೋವಿರ್ಲಿಲ್ಲ. ಪೇಜ್ ಲೋಡ್ ಆದ ಕೂಡ್ಲೇ ಪ್ಲೇ ಆಗೋ ಹಾಗೆ ಕೋಡ್ ಬರ್ದೆ, ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಬಂತು. ಫ್ರೆಂಡ್‌ಗೆ ಲಿಂಕ್ ಕಳಿಸಿದ್ರೆ "ಯಾವ ಮ್ಯೂಸಿಕ್ಕೋ, ಏನೂ ಕೇಳ್ತಿಲ್ವಲ್ಲ" ಅಂದ.

ಆಮೇಲೆ ಗೊತ್ತಾಯ್ತು, 2018ರಲ್ಲಿ ಬಂದ 66ನೇ ವರ್ಷನ್‌ನಿಂದ ಕ್ರೋಮ್ ಬ್ರೌಸರ್ ಜನ ಪೇಜ್ ಮುಟ್ಟೋ ತನಕ ಸೌಂಡ್ ಬಿಡಲ್ಲ, ಆದ್ರೆ ಯಾವ ಸೈಟಲ್ಲಿ ನೀವು ಪದೇ ಪದೇ ಹಾಡು ವಿಡಿಯೋ ಪ್ಲೇ ಮಾಡ್ತೀರೋ ಅದಕ್ಕೆ ಕಂಪ್ಯೂಟರಲ್ಲಿ ರಿಯಾಯಿತಿ ಕೊಡುತ್ತೆ, ನಾನು ಟೆಸ್ಟ್ ಮಾಡಿ ಮಾಡಿ ನನ್ನ ಸೈಟ್‌ಗೆ ನಾನೇ ಆ ರಿಯಾಯಿತಿ ಗಳಿಸ್ಕೊಂಡಿದ್ದೆ!

ಸುಮ್ನಿರ್ಬೇಕಿತ್ತು. "ಮೊದಲ ಕ್ಲಿಕ್‌ಗೆ ಶುರು ಮಾಡೋಣ" ಅಂತ ಜಾಣತನ ತೋರ್ಸಿದೆ. ಅದೇ ಫ್ರೆಂಡ್ ಮೀಟಿಂಗ್ ಮಧ್ಯೆ ಕದ್ದು ಒಂದು ಫೋಟೋ ಒತ್ತಿದಾನೆ, ಸ್ಪೀಕರಿಂದ ಗಿಟಾರ್. ಆವತ್ತು ಅವನು ಬೈದಿದ್ದು ಇಲ್ಲಿ ಬರಿಯೋ ಹಾಗಿಲ್ಲ.

ಈಗ ಮೇಲ್ಗಡೆ ಒಂದೇ ಬಟನ್ ಇದೆ, "ಸಂಗೀತ ಕೇಳಿ" ಅಂತ, ಒತ್ತಿದ್ರೆ ಮಾತ್ರ ಶುರು. ಸ್ಕ್ರೀನ್ ರೀಡರ್ (ಕಣ್ಣು ಕಾಣದೋರಿಗೆ ಪೇಜನ್ನ ದನಿಯಲ್ಲಿ ಓದಿ ಹೇಳೋ ಸಾಫ್ಟ್‌ವೇರ್) ಇಟ್ಕೊಂಡು ಓದೋರಿಗೆ ತಾನಾಗೇ ಬರೋ ಸೌಂಡು ಆ ಓದೋ ದನಿನೇ ಮುಚ್ಚಿಬಿಡುತ್ತೆ ಅನ್ನೋದು ನನಗೆ ಮೊದ್ಲು ಹೊಳ್ದೇ ಇರ್ಲಿಲ್ಲ, ಹಾಗಾಗಿ ಅಂಥೋರಿಗೂ ಮೌಸ್ ಇಲ್ದೆ ಬಟನ್ ಕೀಬೋರ್ಡಿಂದಲೇ ಸಿಗೋ ಹಾಗೆ ಇಟ್ಟೆ. ಬಟನ್ ಒತ್ತೋ ತನಕ ಫೈಲ್ ಡೌನ್‌ಲೋಡ್ ಆಗದ ಹಾಗೆ ಪ್ರಿಲೋಡ್ "none" ಅಂತ ಇಟ್ಟೆ, ಯಾಕಂದ್ರೆ ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದಲ್ಲಿ 3 ನಿಮಿಷದ ಟ್ಯೂನ್ ಅಂದ್ರೆ ಹತ್ರತ್ರ 3 ಎಂಬಿ, ಕೇಳದೇ ಇರೋರ ಡೇಟಾ ಯಾಕೆ ತಿನ್ಬೇಕು. ಟ್ಯಾಬ್ ಬದಲಾಯಿಸಿದ್ರೆ ಮ್ಯೂಸಿಕ್ ತಾನಾಗೇ ನಿಲ್ಲುತ್ತೆ.

ಜಾಸ್ತಿ ಸತಾಯಿಸಿದ್ದು ಎರಡು. ಕೋಡಲ್ಲಿ ವಾಲ್ಯೂಮ್ 0.2 (ಪೂರ್ತಿ ಅಂದ್ರೆ 1) ಅಂತ ಇಟ್ಟಿದ್ದೆ, ಐಫೋನ್ ಅದನ್ನ ಕೇರೇ ಮಾಡಲ್ಲ, ಅಲ್ಲಿ ವಾಲ್ಯೂಮ್ ಫೋನಿನ ಬಟನ್‌ದೇ. ಕೊನೆಗೆ ಆಡಾಸಿಟಿ ಅನ್ನೋ ಸೌಂಡ್ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ಫೈಲಿನ ಸದ್ದನ್ನೇ 12 ಡೆಸಿಬಲ್ ಇಳಿಸ್ದೆ. ಇನ್ನೊಂದು ಲೂಪು, ಅಂದ್ರೆ ಟ್ಯೂನ್ ಮುಗಿದ ಕೂಡ್ಲೇ ಮತ್ತೆ ಶುರುವಾಗೋದು: ಎಂಪಿ3 ಮಾಡುವಾಗ ಎನ್ಕೋಡರ್ (ಸೌಂಡನ್ನ ಎಂಪಿ3 ಆಗಿ ಬದಲಾಯಿಸೋ ಪ್ರೋಗ್ರಾಂ) ಹಿಂದೆ ಮುಂದೆ ಚೂರು ಮೌನ ಸೇರಿಸುತ್ತೆ, ಹಾಗಾಗಿ ಟ್ಯೂನ್ ತಿರುಗಿ ಶುರುವಾದಾಗೆಲ್ಲ ಎಡವಿದಂಗೆ ಒಂದು ಟಕ್. ಎರಡು ದಿನ ತಲೆ ಕೆಡಿಸ್ಕೊಂಡು, ಆಮೇಲೆ ಲೂಪನ್ನೇ ಕಿತ್ತಾಕ್ದೆ. ಒಂದ್ಸಲ ನುಡಿದು ನಿಧಾನಕ್ಕೆ ಕರಗಿ ನಿಲ್ಲುತ್ತೆ, ಇನ್ನೊಂದ್ಸಲ ಬೇಕಂದೋರು ಮತ್ತೆ ಒತ್ತಲಿ. ಆ ಫ್ರೆಂಡ್ ಮಾತ್ರ ಇವತ್ತಿಗೂ ನನ್ನ ಸೈಟ್ ತೆಗೆಯೋ ಮುಂಚೆ ಫೋನ್ ಮ್ಯೂಟ್ ಮಾಡ್ಕೋತಾನೆ.