ಮಚ್ಚು ಹಿಡಿದು ನಿಂತವನ ಎದುರು

ತುರ್ತು ಸಹಾಯವಾಣಿ 112ರಿಂದ ನಮ್ಮ ಪೊಲೀಸ್ ಗಾಡಿಗೆ ಬರುವ ಇಂಥ ಕರೆಯಲ್ಲಿ ‘ಗಲಾಟೆ ಮಾಡ್ತಿದಾನೆ, ಕೈಯಲ್ಲಿ ಮಚ್ಚಿದೆ’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಗಾಡಿ ಹೊರಟ ಮೇಲೆ ನಾನು ಮೊದಲು ಮಾಡುವ ಕೆಲಸ, ಕರೆ ಮಾಡಿದವರಿಗೇ ಮತ್ತೆ ಫೋನ್ ಹಚ್ಚುವುದು. ಕುಡಿದಿದ್ದಾನಾ? ತಲೆಗೆ ಸಂಬಂಧಪಟ್ಟ ಮಾತ್ರೆ ನುಂಗುತ್ತಿದ್ದನಾ, ಈಚೆಗೆ ಬಿಟ್ಟಿದ್ದಾನಾ? ಒಳಗೆ ಮಕ್ಕಳಿದ್ದಾರಾ? ಹಿತ್ತಲ ಬಾಗಿಲು ಎಲ್ಲಿ? ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತಾರೆ? ಕೊನೆಯ ಪ್ರಶ್ನೆಯ ಉತ್ತರ ಸೊಂಟದ ಪಿಸ್ತೂಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೈರನ್ ಬೀದಿಯ ತುದಿಯಲ್ಲೇ ಬಂದ್. ಗಾಡಿಯನ್ನು ಮನೆಯೆದುರಿಗೆ ಒಯ್ಯದೆ ಎರಡು ಮೂರು ಮನೆ ಹಿಂದೆಯೇ ನಿಲ್ಲಿಸುತ್ತೇವೆ. ಒಬ್ಬ ಸಿಬ್ಬಂದಿಗೆ ಜನರನ್ನು ಹಿಂದೆ ಸರಿಸುವುದಷ್ಟೇ ಕೆಲಸ. ಮೊಬೈಲ್ ಹಿಡಿದ ಇಪ್ಪತ್ತು ಜನರ ಮುಂದೆ ಯಾವ ಗಂಡಸೂ ಮಚ್ಚು ಕೆಳಗಿಡುವುದಿಲ್ಲ, ಮಾನದ ಪ್ರಶ್ನೆ ಆಗಿಬಿಡುತ್ತದೆ. ಹೆಂಡತಿಯನ್ನೋ ಬೈದ ಅಣ್ಣನನ್ನೋ ಅವನ ಕಣ್ಣಿಗೆ ಬೀಳದಂತೆ ಕೂರಿಸಬೇಕು. ‘ನೀವೇ ಹೇಳಿ ನೋಡಿ’ ಎಂದು ಅವರನ್ನು ಮುಂದೆ ತಳ್ಳುವುದು ನಮ್ಮಲ್ಲಿ ಪದೇ ಪದೇ ನಡೆಯುವ ತಪ್ಪು.

ಏಳು ಮೀಟರ್ ಓಡಿ ಬರಲು ಆರೋಗ್ಯವಂತನಿಗೆ ಸುಮಾರು ಒಂದೂವರೆ ಸೆಕೆಂಡ್ ಸಾಕು. ಇದನ್ನು ‘ಅಷ್ಟರೊಳಗೆ ಬಂದರೆ ಗುಂಡು ಹಾರಿಸಬಹುದು’ ಎಂದು ಓದಿಕೊಂಡವರಿದ್ದಾರೆ. ನಾನು ಓದುವುದು ಬೇರೆ ರೀತಿ: ಅದಕ್ಕಿಂತ ದೂರ ನಿಲ್ಲು, ನಡುವೆ ಗೇಟೋ ಜೀಪಿನ ಬಾನೆಟ್ಟೋ ಇರಲಿ, ಅವನು ಒಂದು ಹೆಜ್ಜೆ ಮುಂದೆ ಬಂದರೆ ನೀನು ಎರಡು ಹೆಜ್ಜೆ ಹಿಂದೆ ಹೋಗು. ಹಿಂದೆ ಸರಿಯುವುದು ಹೇಡಿತನ ಎಂದು ಕಾನ್‌ಸ್ಟೆಬಲ್‌ಗಳ ತಲೆಯಲ್ಲಿ ಕೂತಿರುತ್ತದೆ. ಅದನ್ನು ಬ್ರೀಫಿಂಗ್‌ನಲ್ಲೇ ತೆಗೆದುಹಾಕಬೇಕು.

ಮಾತಾಡುವವರು ಒಬ್ಬರೇ. ಮೂವರು ಒಟ್ಟಿಗೆ ‘ಕೈ ಎತ್ತು’, ‘ಅಲ್ಲೇ ನಿಲ್ಲು’, ‘ಕೂತ್ಕೋ’ ಎಂದು ಕಿರುಚಿದರೆ ಅವನು ಯಾವುದನ್ನು ಪಾಲಿಸಬೇಕು? ಲಾಠಿ ಕಾಲಿನ ಪಕ್ಕಕ್ಕೆ ಇಳಿದಿರಲಿ, ಅಂಗೈ ಕಾಣಲಿ. ‘ಏಯ್, ಲೇ’ ಬೇಡ. ‘ಮಂಜಣ್ಣ, ನಾನು ಸ್ಟೇಷನ್ನಿಂದ ಬಂದಿದೀನಿ. ಇಲ್ಲೇ ನಿಂತಿರ್ತೀನಿ, ಹತ್ರ ಬರಲ್ಲ. ಏನಾಯ್ತು ಹೇಳು.’ ಆಮೇಲೆ ಬಾಯಿ ಮುಚ್ಚಿ ಹತ್ತು ಸೆಕೆಂಡ್ ಎಣಿಸಬೇಕು. ಆ ಹತ್ತು ಸೆಕೆಂಡ್ ತಡೆಯಲಾರದೆಯೇ ಅರ್ಧ ಕೇಸು ಕೆಡುತ್ತವೆ. ‘ಅರೆಸ್ಟ್ ಮಾಡಲ್ಲ’ ಎಂದು ಸುಳ್ಳು ಹೇಳುವುದಿಲ್ಲ. ‘ಹೊಡೆಯಲ್ಲ’ ಎಂದರೆ ಹೊಡೆಯಬಾರದು. ಮುಂದಿನ ಸಲ ಅದೇ ಬೀದಿಗೆ ಹೋಗಬೇಕಾಗುತ್ತದೆ. ಮಚ್ಚನ್ನು ಕೈಗೆ ಕೊಡಲು ಕೇಳಲೇಬಾರದು: ನೆಲಕ್ಕೆ ಹಾಕಿ, ಐದು ಹೆಜ್ಜೆ ಹಿಂದೆ ಹೋಗಲಿ.

ಪಿಸ್ತೂಲಿನ ವಿಷಯ. ‘ಕಾಲಿಗೆ ಹೊಡೆದರಾಯ್ತು’ ಎಂಬ ಮಾತು ಪತ್ರಿಕೆ ಓದುವವರಿಗೆಲ್ಲ ಪರಿಚಿತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಗುರಿ ತಪ್ಪಿದ ಗುಂಡು ಸಿಮೆಂಟ್ ರಸ್ತೆಗೆ ಬಡಿದು ಎಲ್ಲಿಗೋ ಚಿಮ್ಮುತ್ತದೆ. ಹಾಗಾಗಿ ಕಾಲಿಗೆ ಹಾರಿಸುವುದೂ ಜೀವ ತೆಗೆಯುವ ಬಲವೇ. ನನ್ನದೋ ಇನ್ನೊಬ್ಬರದೋ ಪ್ರಾಣಕ್ಕೆ ಆ ಕ್ಷಣದಲ್ಲಿ ಕುತ್ತು ಬಂದು, ಬೇರೆ ದಾರಿ ಇಲ್ಲದಾಗ ಮಾತ್ರ ಅದು. ಬಿಎನ್‌ಎಸ್‌ (ಭಾರತೀಯ ನ್ಯಾಯ ಸಂಹಿತೆ) 37ನೇ ಕಲಂ ಆತ್ಮರಕ್ಷಣೆಗೂ ‘ಅಗತ್ಯಕ್ಕಿಂತ ಹೆಚ್ಚು ಹಾನಿ ಕೂಡದು’ ಎನ್ನುತ್ತದೆ.

ಹಿಡಿದ ಮೇಲಿನ ಎರಡು ನಿಮಿಷ ಅತಿ ಅಪಾಯದ್ದು. ಬೋರಲು ಕೆಡವಿ ಬೆನ್ನ ಮೇಲೆ ಮಂಡಿಯೂರಿದರೆ ಉಸಿರಾಟ ನಿಲ್ಲಬಹುದು, ಕುಡಿದವನಿಗೆ ಇನ್ನೂ ಬೇಗ. ಕೈ ಹಿಡಿತಕ್ಕೆ ಬಂದ ಕೂಡಲೇ ಮಗ್ಗುಲಾಗಿಸಿ, ಕೂರಿಸಬೇಕು. ‘ಉಸಿರು ಕಟ್ತಿದೆ’ ಎಂದರೆ ನಾಟಕ ಎನ್ನಬಾರದು. ಕೋಳ ಎಲ್ಲರಿಗೂ ಅಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 43(3) ಯಾವ ಯಾವ ಆರೋಪಿಗಳಿಗೆ ಎಂದು ಪಟ್ಟಿ ಮಾಡಿದೆ, ಮನೆ ಜಗಳದವನು ತಾನಾಗಿ ಅದರೊಳಗೆ ಬರುವುದಿಲ್ಲ. ಕಾರಣವಿಲ್ಲದೆ ಕೋಳ ತೊಡಿಸಿದ್ದಕ್ಕೆ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ. ಮಾನಸಿಕ ಕಾಯಿಲೆಯಿಂದ ಅಪಾಯಕ್ಕೆ ಸಿಲುಕಿದವನನ್ನು ರಕ್ಷಣೆಗೆ ತೆಗೆದುಕೊಂಡರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ.

ಕೊನೆಗೆ ಬರವಣಿಗೆ. ‘ಆರೋಪಿ ಆಕ್ರಮಣಕಾರಿಯಾಗಿ ವರ್ತಿಸಿದ್ದರಿಂದ ಕನಿಷ್ಠ ಬಲ ಪ್ರಯೋಗಿಸಲಾಯಿತು’ ಎಂಬ ಸಿದ್ಧ ವಾಕ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಾನು ಬರೆಸುವುದು ಹೀಗೆ: ರಾತ್ರಿ 9.40, ದೂರ ಸುಮಾರು ನಾಲ್ಕು ಮೀಟರ್, ಮಚ್ಚು ಬಲಗೈಯಲ್ಲಿ, ಭುಜದ ಮೇಲಕ್ಕೆ ಎತ್ತಿದ್ದ, ಎರಡು ಸಲ ಹೇಳಿದರೂ ಮುಂದೆ ಬಂದ, ಎಡ ತೊಡೆಯ ಹೊರಭಾಗಕ್ಕೆ ಒಂದು ಲಾಠಿ ಏಟು, ಮಚ್ಚು ಬಿತ್ತು, ಎರಡನೇ ಏಟು ಇಲ್ಲ.