ಕಳುಹಿಸುವ ಮುನ್ನ: ಟರ್ಮಿನಲ್‌ನಲ್ಲಿ ಇಮೇಲ್ ಕರಡುಗಳ ನಿರ್ವಹಣೆ

ಮಳೆಗಾಲದಲ್ಲಿ ಮೂಡಿಗೆರೆ, ಕಳಸ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಕರೆಂಟು ಮತ್ತು ಇಂಟರ್‌ನೆಟ್ ಎರಡೂ ಒಟ್ಟಿಗೆ ಕೈಕೊಡುವುದು ಹೊಸತೇನಲ್ಲ. ಬ್ರೌಸರ್‌ನಲ್ಲಿ ಅರ್ಧ ಬರೆದ ಇಮೇಲ್ ಅಂಥ ಹೊತ್ತಿನಲ್ಲಿ ಉಳಿಯಿತೋ ಹೋಯಿತೋ ಎಂಬ ಅನುಮಾನ ಕಾಡುತ್ತದೆ. ಲಿನಕ್ಸ್‌ನಲ್ಲಿ ಎನ್‌ಎಮ್‌ಎಚ್ ಎಂಬ, ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಓಡುವ ಇಮೇಲ್ ತಂತ್ರಾಂಶ ಬಳಸಿ ಬರೆದು ಸೇವ್ ಮಾಡಿದ ಕರಡು ನಿಮ್ಮದೇ ಡಿಸ್ಕಿನ ಮೇಲಿನ ಸಾದಾ ಪಠ್ಯ ಕಡತವಾದ್ದರಿಂದ, ಸಂಪರ್ಕ ಮರಳುವವರೆಗೆ ಇದ್ದಲ್ಲೇ ಇರುತ್ತದೆ. ಬರೆದು ಮುಗಿಸಿದ ಮೇಲೆ, ಕಳುಹಿಸುವುದಕ್ಕೆ ಮುಂಚೆ, ಆ ಕಡತವನ್ನು ಹೇಗೆ ಪರಿಶೀಲಿಸಬೇಕು, ತಿದ್ದಬೇಕು, ಕಾದಿಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಆಜ್ಞೆಗಳ ಹೆಸರನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಬೇಕು.

ಎನ್‌ಎಮ್‌ಎಚ್‌ನ ಮೂಲ ಎಮ್‌ಎಚ್. ಅದನ್ನು 1979ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಬ್ರೂಸ್ ಬೋರ್ಡನ್ ಬರೆದರು. ಪ್ರತಿ ಸಂದೇಶಕ್ಕೂ ಒಂದು ಪ್ರತ್ಯೇಕ ಕಡತ, ಪ್ರತಿ ಕೆಲಸಕ್ಕೂ ಒಂದು ಪುಟ್ಟ ಆಜ್ಞೆ ಎಂಬ ಅದರ ಕ್ರಮ ಇಂದಿಗೂ ಬದಲಾಗಿಲ್ಲ. ಡೆಬಿಯನ್ ಅಥವಾ ಉಬುಂಟು ಇದ್ದವರು ಆಪ್ಟ್ ಎಂಬ ಅನುಸ್ಥಾಪನಾ ಆಜ್ಞೆಯ ಮೂಲಕ ಅದನ್ನು ಅನುಸ್ಥಾಪಿಸಿಕೊಂಡು, ಇನ್‌ಸ್ಟಾಲ್-ಎಮ್‌ಎಚ್ ಎಂಬ ಆಜ್ಞೆಯನ್ನು ಒಮ್ಮೆ ಓಡಿಸಿದರೆ ಹೋಮ್ ಡೈರೆಕ್ಟರಿಯಲ್ಲಿ ನಿಮ್ಮ ಆಯ್ಕೆಗಳನ್ನು ಬರೆದಿಡುವ ಪ್ರೊಫೈಲ್ ಕಡತ ಸಿದ್ಧವಾಗುತ್ತದೆ. ಆಜ್ಞೆ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಎನ್‌ಎಮ್‌ಎಚ್ ಆಜ್ಞೆಗಳಿರುವ ಡೈರೆಕ್ಟರಿಯನ್ನು ಪಾತ್‌ಗೆ (ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಿಕೊಳ್ಳಿ.

ಪ್ರೊಫೈಲ್‌ನಲ್ಲಿ ಮೊದಲು ಸೇರಿಸಬೇಕಾದ ಸಾಲು ಇದು:

ಡ್ರಾಫ್ಟ್-ಫೋಲ್ಡರ್: +ಡ್ರಾಫ್ಟ್ಸ್

ಈ ಸಾಲು ಇಲ್ಲದಿದ್ದರೆ ಇಡೀ ವ್ಯವಸ್ಥೆಗೆ ಒಂದೇ ಕರಡು ಕಡತ ಇರುತ್ತದೆ, ಮತ್ತು ಎರಡನೆಯ ಪತ್ರ ಬರೆಯಲು ಹೊರಟಾಗ ಹಳೆಯದನ್ನು ಏನು ಮಾಡಲಿ, ಅಳಿಸಿ ಹೊಸತು ಬರೆಯಲೇ, ಅದನ್ನೇ ಮುಂದುವರಿಸಲೇ ಎಂದು ತಂತ್ರಾಂಶ ಕೇಳುತ್ತದೆ. ಅವಸರದಲ್ಲಿ ಆ ಪ್ರಶ್ನೆಗೆ ತಪ್ಪು ಉತ್ತರ ಕೊಡುವುದು ಬಹಳ ಸುಲಭ. ಮೇಲಿನ ಸಾಲು ಇದ್ದರೆ ಪ್ರತಿ ಪತ್ರಕ್ಕೂ ಹೊಸ ಸಂಖ್ಯೆ ಸಿಗುತ್ತದೆ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ.

ಕಾಂಪ್ ಎಂದು ಟೈಪ್ ಮಾಡಿದರೆ ಖಾಲಿ ಶೀರ್ಷಿಕೆ ಸಾಲುಗಳು, ಅವುಗಳ ಕೆಳಗೆ ಅಡ್ಡಗೆರೆಗಳ ಒಂದು ಸಾಲು ಇರುವ ಕರಡು ತೆರೆಯುತ್ತದೆ. ಗೆರೆಯ ಮೇಲಿನದು ವಿಳಾಸ ಮತ್ತು ವಿಷಯ, ಕೆಳಗಿನದು ಒಕ್ಕಣೆ. ಈ ಗೆರೆಯನ್ನು ಅಳಿಸಬಾರದು. ಕಳುಹಿಸುವವರ ವಿಳಾಸದ ಫ್ರಮ್ ಸಾಲು ತುಂಬಿರಲೇಬೇಕು, ಇಲ್ಲದಿದ್ದರೆ ಈಗಿನ ಆವೃತ್ತಿಗಳು ಪತ್ರವನ್ನು ಕಳುಹಿಸುವುದಿಲ್ಲ. ಪ್ರತಿ ಬಾರಿ ಅದನ್ನು ಬರೆಯುವ ತಾಪತ್ರಯ ಬೇಡವಾದರೆ, ಮೇಲ್ ಡೈರೆಕ್ಟರಿಯೊಳಗೆ ಕಾಂಪೊನೆಂಟ್ಸ್ ಎಂಬ ಹೆಸರಿನ ಕಡತದಲ್ಲಿ ನಿಮ್ಮದೇ ಮಾದರಿಯನ್ನು ಇಟ್ಟುಕೊಳ್ಳಬಹುದು. ಕನ್ನಡದಲ್ಲಿ ಬರೆಯುವವರು ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ಕನ್ನಡ ಲಿಪಿಯನ್ನೂ ಒಳಗೊಳ್ಳುವ ಯುಟಿಎಫ್-8 ಆಗಿದೆಯೇ ಎಂದು ನೋಡಿಕೊಳ್ಳಬೇಕು. ಆಗಿದ್ದರೆ ಕನ್ನಡದ ವಿಷಯ ಸಾಲನ್ನು ಅಂಚೆಗೆ ತಕ್ಕ ರೂಪಕ್ಕೆ ಪರಿವರ್ತಿಸುವ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಟು, ಸಿಸಿ, ಸಬ್ಜೆಕ್ಟ್ ಎಂಬ ಹೆಸರುಗಳನ್ನು ಮಾತ್ರ ಕನ್ನಡಕ್ಕೆ ತಿರುಗಿಸಬಾರದು.

ಎಡಿಟರ್‌ನಿಂದ ಹೊರಬಂದ ಕೂಡಲೇ ಪತ್ರ ಹೋಗುವುದಿಲ್ಲ. ಪರದೆಯ ಮೇಲೆ ‘ವಾಟ್ ನೌ?’ (ಮುಂದೇನು?) ಎಂಬ ಪ್ರಶ್ನೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ತಂತ್ರಾಂಶದ ಅತ್ಯುತ್ತಮ ಭಾಗ ಇದೇ, ಏಕೆಂದರೆ ಬರೆಯುವ ಮನಸ್ಸಿಗೂ ಪರಿಶೀಲಿಸುವ ಮನಸ್ಸಿಗೂ ನಡುವೆ ಒಂದು ಬಿಡುವು ಸಿಗುತ್ತದೆ. ಇಲ್ಲಿ ಲಿಸ್ಟ್ ಎಂದರೆ ಕರಡು ಪೂರ್ತಿ ಕಾಣುತ್ತದೆ, ಎಡಿಟ್ ಎಂದರೆ ಮತ್ತೆ ತಿದ್ದಲು ತೆರೆಯುತ್ತದೆ, ಕ್ವಿಟ್ ಎಂದರೆ ಕರಡನ್ನು ಹಾಗೆಯೇ ಉಳಿಸಿ ಹೊರಬರುತ್ತದೆ. ಕ್ವಿಟ್ ಜೊತೆ -ಡಿಲೀಟ್ ಸೇರಿಸಿದರೆ ಮಾತ್ರ ಕರಡು ಅಳಿಯುತ್ತದೆ.

ಸೆಂಡ್ ಎನ್ನುವ ಮೊದಲು ಬಳಸಲೇಬೇಕಾದ ಆಜ್ಞೆ ಹೂಮ್ (‘ಯಾರಿಗೆ’ ಎಂಬರ್ಥದ ಇಂಗ್ಲಿಷ್ ಪದ). ಮೂಡಿಗೆರೆಯ ಬೆಳೆಗಾರರೊಬ್ಬರು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ತಮ್ಮ ಒಣಗಿಸಿದ, ಹೊಟ್ಟು ತೆಗೆಯದ ಕಾಫಿ ಬೀಜದ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್‌ನ ಬಗ್ಗೆ, 50 ಕೆಜಿ ಮೂಟೆಗೆ ತಾವು ನಿರೀಕ್ಷಿಸುವ ದರವನ್ನೂ ಸೇರಿಸಿ ಪತ್ರ ಬರೆದಿದ್ದಾರೆ ಎಂದುಕೊಳ್ಳಿ. ಟು ಸಾಲಿನಲ್ಲಿ ಅವರು ‘ಹಾಸನ’ ಎಂಬ ಅಡ್ಡಹೆಸರು ಹಾಕಿದ್ದಾರೆ. ಆದರೆ ಅಡ್ಡಹೆಸರುಗಳ ಕಡತದಲ್ಲಿ ಅದೇ ಹೆಸರಿನಡಿ ಕಳೆದ ವರ್ಷ ವಿಚಾರಿಸಿದ್ದ ಇನ್ನಿಬ್ಬರು ಖರೀದಿದಾರರ ವಿಳಾಸವೂ ಉಳಿದುಕೊಂಡಿದೆ. ಲಿಸ್ಟ್ ಆಜ್ಞೆ ತೋರಿಸುವುದು ‘ಹಾಸನ’ ಎಂಬ ಒಂದೇ ಪದವನ್ನು. ಹೂಮ್ ಆಜ್ಞೆ ಆ ಪದವನ್ನು ಬಿಡಿಸಿ, ಪತ್ರ ನಿಜಕ್ಕೂ ತಲುಪಲಿರುವ ಮೂರೂ ವಿಳಾಸಗಳನ್ನು ಸಾಲಾಗಿ ಮುಂದಿಡುತ್ತದೆ. ದರದ ಮಾತು ಮೂವರ ಕೈಸೇರುವುದನ್ನು ತಪ್ಪಿಸಲು ಅಷ್ಟು ಸಾಕು. ಇದಕ್ಕಾಗಿ ಪ್ರೊಫೈಲ್‌ನಲ್ಲಿ ಅಲಿಯಾಸ್‌ಫೈಲ್ ಎಂಬ, ಆ ಅಡ್ಡಹೆಸರುಗಳ ಕಡತ ಯಾವುದೆಂದು ತಿಳಿಸುವ ನಮೂದು ಇರಬೇಕು. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಅದು ಬೇರೆ ಯಾರದೋ ಸರಿಯಾದ ವಿಳಾಸವಾಗಿರಬಹುದು. ಅದನ್ನು ಹೂಮ್ ಹಿಡಿಯಲಾರದು, ಕಣ್ಣೇ ಹಿಡಿಯಬೇಕು.

ಬಿಸಿಸಿ ಬಗ್ಗೆ ಒಂದು ಮಾತು. ಎನ್‌ಎಮ್‌ಎಚ್‌ನಲ್ಲಿ ಬಿಸಿಸಿ ಸಾಲಿನವರಿಗೆ ಹೋಗುವ ಪ್ರತಿಯು, ಇದು ಗುಪ್ತ ಪ್ರತಿ ಎಂಬ ಸೂಚನೆಯೊಂದಿಗೆ ಇನ್ನೊಂದು ಸಂದೇಶದೊಳಗೆ ಸುತ್ತಿಟ್ಟ ರೂಪದಲ್ಲಿರುತ್ತದೆ. ಪಡೆದವರು ಯೋಚಿಸದೆ ಎಲ್ಲರಿಗೂ ಉತ್ತರಿಸಿ ಗುಟ್ಟು ಬಯಲಾಗದಿರಲಿ ಎಂಬುದು ಇದರ ಉದ್ದೇಶ. ಜಿಮೇಲ್‌ನ ರೂಢಿ ಇರುವವರಿಗೆ ಇದು ವಿಚಿತ್ರವಾಗಿ ಕಾಣುವುದರಿಂದ ಮೊದಲು ನಿಮ್ಮ ಇನ್ನೊಂದು ವಿಳಾಸಕ್ಕೆ ಕಳುಹಿಸಿ ನೋಡುವುದು ಒಳ್ಳೆಯದು.

ಲಗತ್ತುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ವಾಟ್ ನೌ?’ ಎದುರು ಅಟ್ಯಾಚ್ ಎಂದು ಬರೆದು ಕಡತದ ಹೆಸರು ಕೊಟ್ಟರೆ, ಕರಡಿನ ಶೀರ್ಷಿಕೆಗೆ ಆ ಹೆಸರಿನ ಒಂದು ಸಾಲು ಸೇರುತ್ತದೆ, ಅಷ್ಟೆ. ಕಡತದ ಒಳಗಿನದನ್ನು ಓದುವುದು ಕಳುಹಿಸುವ ಗಳಿಗೆಯಲ್ಲಿ. ಹೀಗಾಗಿ ಸೋಮವಾರ ಲಗತ್ತಿಸಿದ ಬಿಲ್ಲನ್ನು ಬುಧವಾರ ತಿದ್ದಿ ಗುರುವಾರ ಕಳುಹಿಸಿದರೆ ಹೋಗುವುದು ತಿದ್ದಿದ ಪ್ರತಿ. ನಡುವೆ ಬಿಲ್ಲಿನ ಹೆಸರು ಬದಲಿಸಿದ್ದರೆ ಕಳುಹಿಸುವಿಕೆಯೇ ವಿಫಲವಾಗುತ್ತದೆ. ಹಲವು ದಿನ ಕಾಯಬೇಕಾದ ಕರಡಾದರೆ ಮತ್ತೆ ತೆರೆದಾಗ ಏಲಿಸ್ಟ್ ಆಜ್ಞೆಯಿಂದ ಲಗತ್ತುಗಳ ಪಟ್ಟಿಯನ್ನು ನೋಡಿ, ಬೇಡವಾದದ್ದನ್ನು ಡಿಟ್ಯಾಚ್ ಮಾಡಿ. ಗಾತ್ರವೂ ಗಮನದಲ್ಲಿರಲಿ: ಅಂಚೆಯಲ್ಲಿ ಹೋಗುವಾಗ ಫೋಟೊಗಳಂಥ ಕಡತಗಳು ಸುಮಾರು ಮೂರನೇ ಒಂದರಷ್ಟು ಹಿಗ್ಗುವುದರಿಂದ, ಜಿಮೇಲ್‌ನ 25 ಎಂಬಿ ಮಿತಿಯೊಳಗೆ ನೆಮ್ಮದಿಯಾಗಿ ಹೋಗಬೇಕಾದರೆ ಮೂಲ ಗಾತ್ರ 18 ಎಂಬಿ ದಾಟದಿರುವುದು ಕ್ಷೇಮ.

ಉಳಿಸಿದ ಕರಡುಗಳನ್ನು ನೋಡಲು ಸ್ಕ್ಯಾನ್ +ಡ್ರಾಫ್ಟ್ಸ್ ಎನ್ನಿ. ಸಂಖ್ಯೆ, ದಿನಾಂಕ, ವಿಷಯ ಸಾಲಾಗಿ ಬರುತ್ತವೆ. ಮೂರನೆಯದನ್ನು ಮುಂದುವರಿಸಲು:

ಕಾಂಪ್ -ಯೂಸ್ -ಡ್ರಾಫ್ಟ್‌ಮೆಸೇಜ್ 3

ಇದು ಎಡಿಟರ್ ತೆರೆದು, ಮುಗಿದ ಮೇಲೆ ಮತ್ತೆ ಅದೇ ‘ವಾಟ್ ನೌ?’ ಎದುರು ನಿಲ್ಲಿಸುತ್ತದೆ. ಈಗ ಕಳುಹಿಸುವ ಪತ್ರವಲ್ಲ, ಆದರೆ ಬಿಸಾಡುವುದೂ ಬೇಡ ಎನಿಸಿದರೆ ಅಲ್ಲಿಂದಲೇ ರಿಫೈಲ್ ಆಜ್ಞೆಯಿಂದ ಬೇರೊಂದು ಫೋಲ್ಡರ್‌ಗೆ ಸರಿಸಬಹುದು.

ಕೊನೆಗೆ ಕಳುಹಿಸಲು ಎರಡು ದಾರಿಗಳಿವೆ. ಪುಶ್ ಆಜ್ಞೆ ಹಿನ್ನೆಲೆಯಲ್ಲಿ ಕೆಲಸ ಮಾಡಿ ನಿಮ್ಮನ್ನು ತಕ್ಷಣ ಬಿಡುಗಡೆ ಮಾಡುತ್ತದೆ, ವಿಫಲವಾದರೆ ನಿಮಗೇ ಒಂದು ಮೇಲ್ ಹಾಕಿ ತಿಳಿಸುತ್ತದೆ. ಸೆಂಡ್ ಆಜ್ಞೆ ಸರ್ವರ್‌ನ ಉತ್ತರಕ್ಕಾಗಿ ಕಾಯುತ್ತದೆ, ವಿಫಲವಾದರೆ ಕಾರಣವನ್ನು ಅಲ್ಲೇ ಹೇಳಿ ಮತ್ತೆ ಪ್ರಶ್ನೆಗೆ ಮರಳುತ್ತದೆ. ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಸೆಂಡ್ ಲೇಸು ಎಂಬುದು ನನ್ನ ಅಭಿಪ್ರಾಯ. ಹೋಯಿತೋ ಇಲ್ಲವೋ ಎಂಬುದು ಎದ್ದು ಹೋಗುವ ಮೊದಲೇ ತಿಳಿಯುತ್ತದೆ.

ಕಳುಹಿಸಿದ ಮೇಲೆ ಕರಡು ಕೂಡಲೇ ಮಾಯವಾಗುವುದಿಲ್ಲ, ಹೆಸರಿನ ಮುಂದೆ ಒಂದು ಅಲ್ಪವಿರಾಮ ಅಂಟಿಸಿಕೊಂಡು ಅದೇ ಡೈರೆಕ್ಟರಿಯಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಅದೇ ಸಂಖ್ಯೆಯ ಮುಂದಿನ ಕರಡು ಹೋದಾಗ ಹಳೆಯದು ಅಳಿದುಹೋಗುವುದರಿಂದ ಅದನ್ನು ದಾಖಲೆಯೆಂದು ನಂಬಬಾರದು. ಪ್ರತಿ ಬೇಕಾದವರು ಕರಡಿನಲ್ಲಿ ಎಫ್‌ಸಿಸಿ: +ಔಟ್‌ಬಾಕ್ಸ್ ಎಂಬ ಸಾಲು ಇದೆಯೇ ಎಂದು ಲಿಸ್ಟ್ ಮಾಡುವಾಗಲೇ ನೋಡಿಕೊಳ್ಳಬೇಕು, ಈ ಸಾಲು ಪಡೆಯುವವರಿಗೆ ಕಾಣಿಸುವುದಿಲ್ಲ.